ತೀನ್ ಕಂದೀಲ್: ಸರ್ಕಲ್ಲಿನ ಹೆಸರು ರೊಟ್ಟಿ ಪಾಕೀಟಿಗೆ ಬಂದದ್ದು

ರಾಯಚೂರಿನಲ್ಲಿ ನನ್ನದೊಂದು ಸಣ್ಣ ಪ್ರಿಂಟಿಂಗ್ ಅಂಗಡಿ ಇದೆ. ಮದುವೆ ಕಾರ್ಡು, ಬಿಲ್ ಬುಕ್ಕು, ಫ್ಲೆಕ್ಸು, ಪಾಕೀಟಿಗೆ ಅಂಟಿಸುವ ಲೇಬಲ್ಲು, ಇಷ್ಟೇ ಕೆಲಸ. ಹೊಸದಾಗಿ ವ್ಯಾಪಾರ ಶುರು ಮಾಡುವವರು ಬೋರ್ಡು ಬರೆಸಲು ಬರುತ್ತಾರೆ. ಅರ್ಧ ಜನಕ್ಕೆ ಹೆಸರೇ ಗಟ್ಟಿಯಾಗಿರುವುದಿಲ್ಲ. ಕುರ್ಚಿ ಎಳೆದು ಕೂತು, "ನೀವೇ ಒಂದು ಚಲೋ ಹೆಸರು ಹೇಳ್ರಿ" ಅನ್ನುತ್ತಾರೆ. ನಾನು ಹೇಳುವುದಿಲ್ಲ. ವ್ಯಾಪಾರ ನಡೆದರೆ ಅದು ಅವರ ದುಡಿಮೆ, ನಡೆಯದಿದ್ದರೆ ನಾನಿಟ್ಟ ಹೆಸರಿನ ದೋಷ ಆಗುತ್ತದೆ, ಅಲ್ವಾ?

ಆದರೆ ಈ ರೊಟ್ಟಿಯ ಹೆಸರಿನ ಪ್ರಕರಣ ನಮ್ಮ ಮನೆಯದೇ. ತಪ್ಪಿಸಿಕೊಳ್ಳಲು ದಾರಿ ಇರಲಿಲ್ಲ. ಹೆಸರು ಹುಡುಕಿದ್ದರಿಂದ ಹಿಡಿದು ಅದು ಕೊಟ್ಟ ತಲೆನೋವಿನವರೆಗೆ ಎಲ್ಲವನ್ನೂ ಹತ್ತಿರದಿಂದ ನೋಡಿದ್ದೇನೆ. ಹೊಸದಾಗಿ ಹೆಸರು ಹುಡುಕುತ್ತಿರುವವರಿಗೆ ಉಪಯೋಗ ಆದೀತು ಅಂತ ಬರೆಯುತ್ತಿದ್ದೇನೆ.

ಹೆಸರಿಲ್ಲದೆ ನಡೆದ ವ್ಯಾಪಾರ

ನಮ್ಮ ಅತ್ತಿಗೆ ಖಡಕ್ ರೊಟ್ಟಿ ಮಾಡಿ ಮಾರುತ್ತಾರೆ. ಮೊದಲು ಬಂಧುಗಳ ಮದುವೆಗೆ ಅಂತ ಬಡಿದು ಕೊಟ್ಟರು. ಆಮೇಲೆ ಪಕ್ಕದ ಮನೆಯವರು ಕೇಳಿದರು. ಆಮೇಲೆ ಹಾಸ್ಟೆಲ್ಲಿನ ಹುಡುಗರು. ಇಬ್ಬರು ಹೆಣ್ಣುಮಕ್ಕಳು ಸಹಾಯಕ್ಕೆ ಬರತೊಡಗಿದರು. ರೊಟ್ಟಿಯ ಜೊತೆ ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಅಗಸಿ ಚಟ್ನಿ ಸೇರಿಕೊಂಡವು. ಖಡಕ್ ರೊಟ್ಟಿಯ ಗುಣ ಗೊತ್ತಲ್ಲ. ಜೋಳದ ಹಿಟ್ಟನ್ನು ತೆಳ್ಳಗೆ ಬಡಿದು, ತೇವ ಪೂರ್ತಿ ಹೋಗುವ ತನಕ ಸುಟ್ಟರೆ ವಾರಗಟ್ಟಲೆ ಕೆಡುವುದಿಲ್ಲ. ಹಾಗಾಗಿ ಅದು ಬಸ್ಸು ಹತ್ತಿ ಬೆಂಗಳೂರಿಗೂ ಹೋಗತೊಡಗಿತು.

ಇಷ್ಟು ದಿನ ಹೆಸರಿನ ಅಗತ್ಯವೇ ಬಿದ್ದಿರಲಿಲ್ಲ. ಓಣಿಯಲ್ಲಿ "ರೊಟ್ಟಿ ಅಕ್ಕ" ಅಂದರೆ ಸಾಕಿತ್ತು. ಮನೆ ಸ್ಟೇಷನ್ ರಸ್ತೆಯ ಕಡೆ. ಬೋರ್ಡಿಲ್ಲ, ಲೇಬಲ್ಲಿಲ್ಲ, ಪ್ಲಾಸ್ಟಿಕ್ ಚೀಲಕ್ಕೆ ಒಂದು ಗಂಟು.

ಬೆಂಗಳೂರಿನ ಒಬ್ಬ ಅಂಗಡಿಯವರು, "ನಾನು ಇಟ್ಟುಕೊಂಡು ಮಾರುತ್ತೇನೆ, ಆದರೆ ಲೇಬಲ್ ಇಲ್ಲದೆ ಆಗುವುದಿಲ್ಲ" ಅಂದಾಗ ಕಥೆ ಶುರುವಾಯಿತು. ಅವರು ಹೇಳಿದ್ದು ಸರಿಯೇ. ಪಾಕೀಟು ಮಾಡಿ ಮಾರುವ ತಿಂಡಿಯ ಮೇಲೆ ತಯಾರಿಸಿದವರ ಹೆಸರು, ಪೂರ್ತಿ ವಿಳಾಸ, ತೂಕ, ಎಂಆರ್‌ಪಿ, ತಯಾರಾದ ದಿನ, ದೂರು ಹೇಳಲು ಒಂದು ನಂಬರು, ಇವೆಲ್ಲ ಇರಲೇಬೇಕು. ಆಹಾರ ಸುರಕ್ಷತೆ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಎಫ್‌ಎಸ್‌ಎಸ್‌ಎಐ ಕೊಡುವ 14 ಅಂಕಿಯ ನಂಬರು ಬೇರೆ. ನನ್ನ ಅಂಗಡಿಯಲ್ಲಿ ಇದನ್ನು ದಿನಾ ಯಾರಿಗಾದರೂ ಹೇಳುತ್ತಿರುತ್ತೇನೆ. ಮನೆಯಲ್ಲಿ ಹೇಳಿರಲಿಲ್ಲ, ಅಷ್ಟೇ.

ಬಿದ್ದುಹೋದ ಹೆಸರುಗಳು

ಒಂದು ಭಾನುವಾರ ಎಲ್ಲರೂ ಕೂತೆವು. ನಮ್ಮ ಅಣ್ಣ ಹೈಸ್ಕೂಲಿನಲ್ಲಿ ಇತಿಹಾಸ ಹೇಳುವ ಮೇಷ್ಟ್ರು. ಅವರು ಮೊದಲೇ ತಯಾರಾಗಿ ಬಂದಿದ್ದರು. "ಎಡೆದೊರೆ" ಅಂದರು. ಕೃಷ್ಣಾ ಮತ್ತು ತುಂಗಭದ್ರಾ ನಡುವಿನ ನಮ್ಮ ಸೀಮೆಯನ್ನು ಹಳೆಯ ಶಾಸನಗಳಲ್ಲಿ ಎಡೆದೊರೆ ನಾಡು, ಎಡೆದೊರೆ ಎರಡು ಸಾವಿರ ಅಂತ ಕರೆದಿದ್ದಾರೆ. ಎರಡು ತೊರೆಗಳ ಎಡೆಯಲ್ಲಿರುವುದು ಎಡೆದೊರೆ. ಎಂಥ ಒಳ್ಳೆಯ ಮಾತು! ಆದರೆ ಅತ್ತಿಗೆ ಎರಡು ಸಲ ಬಾಯಲ್ಲಿ ಹೊರಳಿಸಿ ನೋಡಿ, "ಮಾರೋಳು ನಾನು. ನನಗೇ ನಾಲಿಗೆ ಹೊರಳವಲ್ದು" ಅಂದುಬಿಟ್ಟರು. ಅಣ್ಣನ ಮುಖ ಸಣ್ಣದಾಯಿತು. ನನಗೂ ಬೇಜಾರಾಯಿತು. ಆದರೆ ಅಂಗಡಿ ಮುಂದೆ ನಿಂತು ಕೇಳಲು ಬಾರದ ಹೆಸರು ಎಷ್ಟು ಚೆಂದ ಇದ್ದರೂ ಏನು ಮಾಡುವುದು?

ಮಗ, ಅಂದರೆ ನನ್ನ ಅಣ್ಣನ ಮಗ, ಕಾಲೇಜು ಹುಡುಗ. ಅವನು ಇಂಗ್ಲಿಷ್ ಹೆಸರುಗಳ ಪಟ್ಟಿಯನ್ನೇ ತಂದಿದ್ದ. ಅವನ್ನು ಓದಿ ಮುಗಿಸಲು ಯಾರೂ ಬಿಡಲಿಲ್ಲ. ಅನ್ನಪೂರ್ಣ ಅಂತ ಅವ್ವ ಹೇಳಿದರು. ನನ್ನ ಅಂಗಡಿಯಲ್ಲೇ ಎಷ್ಟು ಅನ್ನಪೂರ್ಣಗಳನ್ನು ಅಚ್ಚು ಹಾಕಿದ್ದೇನೋ ಲೆಕ್ಕವಿಲ್ಲ. ದೇವರ ಹೆಸರು, ಗ್ರಂಥದ ಹೆಸರು ಇಟ್ಟರೆ ಇನ್ನೊಂದು ತೊಡಕಿದೆ. ನಾಳೆ ಅದು ನಮ್ಮದು ಅಂತ ಹಕ್ಕು ಹೇಳಲು ಆಗುವುದಿಲ್ಲ. ಊದುಬತ್ತಿಗೆ 'ರಾಮಾಯಣ' ಅಂತ ಹೆಸರಿಟ್ಟು ಒಬ್ಬರೇ ಅದರ ಹಕ್ಕು ಕೇಳಿದ್ದರು. 2015ರಲ್ಲಿ ಸುಪ್ರೀಂ ಕೋರ್ಟ್ ಅದು ಆಗದು ಅಂದಿತು.

ಆಗ ಅತ್ತಿಗೆ ಸುಮ್ನೆ, ಯಾವುದೋ ನೆನಪಿನಿಂದ ಎದ್ದು ಬಂದವರ ಹಾಗೆ, "ತೀನ್ ಕಂದೀಲ್ ಅಂತ ಇಟ್ಟರ ಹೆಂಗ?" ಅಂದರು.

ನಾನು ನಕ್ಕೆ. ರೊಟ್ಟಿಗೂ ಸರ್ಕಲ್ಲಿಗೂ ಏನು ಸಂಬಂಧ? ಮನೆ ಅಲ್ಲಿಲ್ಲ, ವ್ಯಾಪಾರ ಅಲ್ಲಿಲ್ಲ. ನನ್ನ ನಗು ಅರ್ಧ ಸರಿ, ಅರ್ಧ ತಪ್ಪು. ಅದು ಗೊತ್ತಾಗಲು ಒಂದು ವರ್ಷ ಹಿಡಿಯಿತು.

ಸರ್ಕಲ್ಲು

ರಾಯಚೂರು ನೋಡದವರಿಗೆ ಎರಡು ಮಾತು ಹೇಳಬೇಕು. ತೀನ್ ಕಂದೀಲ್ ಹಳೇ ಊರಿನ ವ್ಯಾಪಾರದ ಜಾಗ. ಸೀರೆ, ಬಂಗಾರ, ಬಳೆ, ಪಾತ್ರೆ, ಹಬ್ಬದ ಸಾಮಾನು ಎಲ್ಲಕ್ಕೂ ಜನ ಆ ಕಡೆ ಹೋಗುತ್ತಾರೆ. ಮೆರವಣಿಗೆ ಹೊರಟರೆ ಆ ದಾರಿ ಹಿಡಿಯುತ್ತದೆ. ಪತ್ರಿಕೆಯವರು "ತೀನ್ ಕಂದೀಲ್ ವೃತ್ತ" ಅಂತ ಬರೆಯುತ್ತಾರೆ. ಬಾಯಲ್ಲಿ ವೃತ್ತ ಅಂದವರನ್ನು ನಾನಂತೂ ನೋಡಿಲ್ಲ.

ತೀನ್ ಅಂದರೆ ಮೂರು. ಕಂದೀಲ್ ಅಂದರೆ ದೀಪ. ಬೆಂಗಳೂರು, ಮೈಸೂರಿನವರು ಲಾಟೀನು ಅನ್ನುವುದನ್ನು ನಾವು ಕಂದೀಲು ಅನ್ನುತ್ತೇವೆ. ಸೀಮೆಎಣ್ಣೆ ಹಾಕಿ, ಗಾಜು ಒರೆಸಿ, ಬತ್ತಿ ಏರಿಸಿ ಇಳಿಸಿ ಓದಿದ ತಲೆಮಾರು ಇನ್ನೂ ಇದೆ. ಕರೆಂಟು ಇಲ್ಲದ ಕಾಲದಲ್ಲಿ ದೀಪ ಇರುವ ಕೂಡುದಾರಿ ಅಂದರೆ ಅದೇ ಒಂದು ಗುರುತು. ಈ ಮಾತಿನ ಪ್ರಯಾಣವೂ ದೊಡ್ಡದು. ಲ್ಯಾಟಿನ್ನಿನ ಕಂದೇಲ ಗ್ರೀಕಿಗೆ ಹೋಗಿ, ಅಲ್ಲಿಂದ ಅರಬ್ಬಿಗೆ ಬಂದು, ಪಾರ್ಸಿ, ಉರ್ದು ದಾಟಿ ನಮ್ಮ ಅಡುಗೆಮನೆಯ ಗೂಟಕ್ಕೆ ಬಂದು ತೂಗಿತು. ಇಂಗ್ಲಿಷಿನ ಕ್ಯಾಂಡಲ್ಲೂ ಅದೇ ಬಳ್ಳಿಯ ಕಾಯಿ. ಅಣ್ಣ ಇದನ್ನು ಹೇಳಿದ ದಿನ ಅವ್ವ ನಂಬಲೇ ಇಲ್ಲ.

ನಮ್ಮ ಊರಿನ ಹೆಸರುಗಳೇ ಹೀಗೆ. ಕೋಟೆಯ ಒಳಗಿನದು ಅಂದ್ರೂನ್ ಖಿಲ್ಲಾ, ಹೊರಗಿನದು ಬೇರೂನ್ ಖಿಲ್ಲಾ. ಒಂದೇ ಮಿನಾರು ಇರುವ ಮಸೀದಿ ಏಕ್ ಮಿನಾರ್. ಅದು ಬಹಮನಿ ಮಹಮೂದ್ ಶಾಹನ ಕಾಲದಲ್ಲಿ, 1513ರ ಸುಮಾರಿಗೆ ಎದ್ದದ್ದು. ಕೋಟೆಯ ದೊಡ್ಡ ಗೋಡೆಯಲ್ಲಿ 41 ಅಡಿಗೂ ಉದ್ದದ ಒಂದೇ ಕಲ್ಲಿದೆ. ಕಾಕತೀಯರ ಸೇನಾಪತಿ 1294ರಲ್ಲಿ ಕೋಟೆ ಕಟ್ಟಿಸಿದ ಮಾತು ಅದರ ಮೇಲಿದೆ. ಅಷ್ಟು ದೊಡ್ಡ ಕಲ್ಲನ್ನು ಬಂಡಿಯ ಮೇಲೆ ಹೇರಿ ಎಳೆದು ತಂದ ಚಿತ್ರವನ್ನೂ ಅಲ್ಲೇ ಕೆತ್ತಿದ್ದಾರೆ. 1520ರಲ್ಲಿ ಕೃಷ್ಣದೇವರಾಯ ಇದೇ ಕೋಟೆಗಾಗಿ ಇಸ್ಮಾಯಿಲ್ ಆದಿಲ್ ಶಾಹನ ಮೇಲೆ ಬಂದ. ಮುಂದೆ ನಿಜಾಮರು. 1853ರಿಂದ 1860ರವರೆಗೆ ಮಾತ್ರ ಇಂಗ್ಲಿಷರ ಕೈಯಲ್ಲಿತ್ತು, ಮತ್ತೆ ನಿಜಾಮರಿಗೇ ಬಂತು, 1948ರ ತನಕ. ಇಷ್ಟು ಜನ ಆಳಿ ಹೋದ ಊರಲ್ಲಿ ಹೆಸರು ಒಂದೇ ಭಾಷೆಯಲ್ಲಿ ಇರು ಅಂದರೆ ಇರುತ್ತದೆಯೇ? ಮನೆಯಲ್ಲಿ ಕನ್ನಡ, ಬಜಾರದಲ್ಲಿ ಉರ್ದು, ಗದ್ವಾಲ ಕಡೆಯವರು ಬಂದರೆ ತೆಲುಗು. ನಮಗೆ ಇದು ವಿಶೇಷ ಅಂತಲೇ ಅನ್ನಿಸುವುದಿಲ್ಲ.

ಅತ್ತಿಗೆಗೆ ಮಾತ್ರ ಈ ಇತಿಹಾಸ ಯಾವುದೂ ಬೇಕಿರಲಿಲ್ಲ. ಅವರ ಕಾರಣ ಬೇರೆ ಇತ್ತು. ಮಾನ್ವಿ ಕಡೆಯ ಹಳ್ಳಿಯಿಂದ ಮದುವೆಯಾಗಿ ಬಂದ ಹೊಸತು. ಅವ್ವ ಬಳೆ ಇಡಿಸಲು ಬಜಾರಕ್ಕೆ ಕರೆದುಕೊಂಡು ಹೋಗಿದ್ದರು. ಹಬ್ಬದ ಮುಂಚಿನ ದಿನ, ಕಾಲಿಡಲು ಜಾಗ ಇಲ್ಲ. ಅವ್ವ ಮೊದಲೇ ಹೇಳಿದ್ದರಂತೆ: "ಗದ್ದಲದಾಗ ತಪ್ಪಿಸಿಕೊಂಡ್ರ ಎಲ್ಲೂ ಹುಡುಕಬ್ಯಾಡ. ತೀನ್ ಕಂದೀಲಿಗೆ ಬಂದು ನಿಂತುಬಿಡು. ನಾನು ಅಲ್ಲಿಗೇ ಬರ್ತೀನಿ." ಅತ್ತಿಗೆ ನಿಜಕ್ಕೂ ತಪ್ಪಿಸಿಕೊಂಡರು. ಕೇಳುತ್ತಾ ಕೇಳುತ್ತಾ ತೀನ್ ಕಂದೀಲಿಗೆ ಬಂದು ನಿಂತರು. ಕೇಳಿದವರಲ್ಲಿ ಒಬ್ಬರೂ ಗೊತ್ತಿಲ್ಲ ಅನ್ನಲಿಲ್ಲವಂತೆ. ಸ್ವಲ್ಪ ಹೊತ್ತಿಗೆ ಅವ್ವ ಬಂದರು.

"ಈ ಊರಾಗ ನಾನು ಮೊದಲ ಕಲ್ತ ಹೆಸರು ಅದು" ಅಂದರು ಅತ್ತಿಗೆ. ಆಮೇಲೆ ಯಾರೂ ನಗಲಿಲ್ಲ.

ಮೂರು ಕಂದೀಲು ಅಂದರೆ ಆಗದೇ?

ಒಂದು ತಕರಾರು ಬಂತು. ದೂರದ ಸಂಬಂಧದ ಕಾಕಾ ಒಬ್ಬರು, ಕನ್ನಡದ ಬಗ್ಗೆ ಅಭಿಮಾನ ಇರುವವರು. "ತೀನ್ ಯಾಕೆ? ಮೂರು ಕಂದೀಲು ಅಂತ ಇಡ್ರಿ. ಈಗ ಬೋರ್ಡಿನಾಗ 60 ಪರ್ಸೆಂಟು ಕನ್ನಡ ಇರಬೇಕು ಅಂತ ಕಾಯ್ದೆ ಅದ" ಅಂದರು. ಕಾಯ್ದೆ ಇರುವುದು ನಿಜ. 2024ರ ತಿದ್ದುಪಡಿಯಿಂದ ಅಂಗಡಿಗಳ ನಾಮಫಲಕದಲ್ಲಿ ಶೇಕಡಾ 60 ಕನ್ನಡ ಇರಲೇಬೇಕು. ಆದರೆ ತೀನ್ ಕಂದೀಲ್ ಅಂತ ಕನ್ನಡ ಅಕ್ಷರದಲ್ಲಿ ಬರೆದರೆ ಅದೂ ಕನ್ನಡ ಫಲಕವೇ. ಬಸ್ ಸ್ಟ್ಯಾಂಡ್ ಅಂತ ಬರೆಯುವುದಿಲ್ಲವೇ?

ಕಾಕಾನ ಮಾತಿಗೆ ಉತ್ತರ ಕೊಟ್ಟದ್ದು ಅವ್ವ. "ಮೂರು ಕಂದೀಲು ಅಂತ ಆಟೋದವನಿಗೆ ಹೇಳಿ ನೋಡು. ಎಲ್ಲಿ ಒಯ್ದು ಇಳಸ್ತಾನೋ!" ಅಲ್ಲಿಗೆ ಮುಗಿಯಿತು.

ನನ್ನ ಅನುಭವದಲ್ಲಿ ಜಾಗದ ಹೆಸರನ್ನು ಎರವಲು ತರುವವರು ಇಲ್ಲೇ ಎಡವುತ್ತಾರೆ. ಜಾಗ ಬೇಕು, ಆದರೆ ಅದರ ಹೆಸರನ್ನು ತಿದ್ದಿ, ತೊಳೆದು, ಚೆಂದ ಮಾಡಿ ಇಡಬೇಕು ಅಂತ ಆಸೆ. ತಿದ್ದಿದ ಕೂಡಲೇ ಅದು ಆ ಜಾಗದ ಹೆಸರಾಗಿ ಉಳಿಯುವುದಿಲ್ಲ. ಬೆಂಗಳೂರಿನ ಎಂಟಿಆರ್ ನೋಡಿ. 1924ರಲ್ಲಿ ಶುರುವಾದಾಗ ಬ್ರಾಹ್ಮಿನ್ ಕಾಫಿ ಕ್ಲಬ್ ಅಂತ ಇತ್ತು. ಮುಂದೆ ಮಾವಳ್ಳಿ ಟಿಫಿನ್ ರೂಮ್ ಆಯಿತು. ಮಾವಳ್ಳಿ ಅಂದರೆ ಆ ಹೋಟೆಲ್ಲು ಇರುವ ಬಡಾವಣೆ. ಯಾವ ಅಲಂಕಾರವೂ ಇಲ್ಲ. ಇವತ್ತು ಬೇರೆ ಊರಿನವರಿಗೆ ಮಾವಳ್ಳಿ ಗೊತ್ತಿದ್ದರೆ ಅದು ಎಂಟಿಆರ್‌ನಿಂದ.

ಒಂದು ದೀರ್ಘದ ತಪ್ಪು

ಈಗ ನನ್ನ ತಪ್ಪಿಗೆ ಬರುತ್ತೇನೆ. ಲೇಬಲ್ಲು ನಾನೇ ಮಾಡಿದೆ. ಹಳದಿ ಹಿನ್ನೆಲೆ, ಮೇಲೆ ಮೂರು ಕಂದೀಲಿನ ಚಿತ್ರ, ಕೆಳಗೆ ದಪ್ಪ ಅಕ್ಷರದಲ್ಲಿ ಹೆಸರು. ಮೊದಲ ಸಾವಿರ ಅಚ್ಚಾಗಿ ಬಂತು. ಅತ್ತಿಗೆ ಒಂದನ್ನು ಕೈಗೆತ್ತಿಕೊಂಡು ಓದಿದರು. ಮತ್ತೊಮ್ಮೆ ಓದಿದರು. ಆಮೇಲೆ ನಗು ತಡೆಯಲಾರದೆ ಕೂತುಬಿಟ್ಟರು.

"ತಮ್ಮಾ, ಕಂದೀಲು ತಿನ್ನು ಅಂತ ಬರ್ದಿಯಲ್ಲೋ!"

ನೋಡಿದರೆ ತೀನ್ ಅಲ್ಲ, 'ತಿನ್ ಕಂದೀಲ್' ಅಂತ ಆಗಿತ್ತು. ಒಂದು ದೀರ್ಘ ಬಿಟ್ಟುಹೋಗಿತ್ತು. ತೀನ್ ಅಂದರೆ ಮೂರು, ತಿನ್ ಅಂದರೆ ತಿನ್ನು. ಇಷ್ಟು ವರ್ಷ ಬೇರೆಯವರ ಮದುವೆ ಕಾರ್ಡಿನ ತಪ್ಪು ಹುಡುಕಿದವನು ಮನೆಯವರ ಹೆಸರಲ್ಲೇ ಎಡವಿದೆ. ನಮ್ಮ ಊರಿನಲ್ಲೇ ಈ ಹೆಸರನ್ನು ಒಬ್ಬೊಬ್ಬರು ಒಂದೊಂದು ತರಹ ಬರೆಯುತ್ತಾರೆ. ತೀನ ಕಂದೀಲ, ತಿನ್ ಕಂದಿಲ್, ತೀನ್ ಖಂದೀಲ್. ಕಣ್ಣಿಗೆ ಎಲ್ಲವೂ ರೂಢಿ. ಅದಕ್ಕೇ ತಪ್ಪು ಕಾಣಲಿಲ್ಲ ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಮಗನಿಗೆ ಇದು ಭಾರಿ ಹಿಡಿಸಿತು. "ಇದನ್ನೇ ಇಡೋಣ ಕಾಕಾ, ತಿನ್ನೋ ಸಾಮಾನು ಅಲ್ವಾ, ಜನ ನಗ್ತಾರೆ, ನೆನಪಿಟ್ಕೋತಾರೆ" ಅಂದ. ಅವನ ಮಾತಿನಲ್ಲಿ ಹುರುಳಿಲ್ಲದೆ ಇರಲಿಲ್ಲ. ಆದರೆ ಅತ್ತಿಗೆ ಒಪ್ಪಲಿಲ್ಲ. ಅವರು ನಿಂತುಕೊಂಡು ಕಾದ ಜಾಗದ ಹೆಸರಿನ ಮೇಲೆ ಜೋಕು ಬೇಡ ಅಂದರು. ಸಾವಿರ ಲೇಬಲ್ಲು ನನ್ನ ಖರ್ಚಿಗೆ ಬಿತ್ತು. ಅವುಗಳ ಹಿಂಬದಿಯಲ್ಲಿ ಈಗಲೂ ಲೆಕ್ಕ ಬರೆಯುತ್ತೇನೆ.

ಇನ್ನೊಂದು ತೊಂದರೆ ಇಂಗ್ಲಿಷಿನಿಂದ ಬಂತು. ತಿಂಡಿಯ ಪಾಕೀಟಿನ ಮೇಲಿನ ವಿವರ ಇಂಗ್ಲಿಷಿನಲ್ಲಿ ಇಲ್ಲವೇ ಹಿಂದಿಯಲ್ಲಿ ಇರಬೇಕು, ಜೊತೆಗೆ ಬೇರೆ ಭಾಷೆ ಹಾಕಬಹುದು. ಬೋರ್ಡಿಗೆ ಒಂದು ನಿಯಮ, ಪಾಕೀಟಿಗೆ ಇನ್ನೊಂದು. ಸರಿ, ಇಂಗ್ಲಿಷಿನಲ್ಲಿ ತೀನ್ ಬರೆಯುವುದು ಹೇಗೆ? ಟಿ, ಇ, ಇ, ಎನ್. ಬೆಂಗಳೂರಿನ ಹುಡುಗರು ಅದನ್ನು ಓದಿದ್ದು ಟೀನ್ ಅಂತ. ಟೀನೇಜಿನ ಟೀನ್. ಹದಿಹರೆಯದವರಿಗೆ ಮಾಡಿದ ವಿಶೇಷ ರೊಟ್ಟಿ ಇರಬೇಕು ಅಂತ ಒಬ್ಬರು ಕೇಳಿದರಂತೆ! ಎರಡು ಇ ತೆಗೆದು ಒಂದು ಐ ಹಾಕಿದರೆ ಟಿನ್, ಅಂದರೆ ತಗಡು. ಕೊನೆಗೆ ಎರಡು ಇ ಅನ್ನೇ ಉಳಿಸಿ, ಕನ್ನಡದ ಅಕ್ಷರ ಮೂರು ಪಟ್ಟು ದೊಡ್ಡದು ಮಾಡಿ, ಕಂದೀಲಿನ ಚಿತ್ರವನ್ನು ಹೆಸರಿನ ಪಕ್ಕಕ್ಕೇ ತಂದೆ. ಚಿತ್ರದಲ್ಲಿ ಮೂರು ದೀಪ ಎಣಿಸಿದವರಿಗೆ ತೀನ್ ಯಾವುದು ಅಂತ ತಿಳಿಯಲಿ ಅಂತ. ಓದಲು ಬಾರದ ಹೆಸರಿಗೆ ಚಿತ್ರದಷ್ಟು ಒಳ್ಳೆಯ ಸಹಾಯ ಬೇರೆ ಇಲ್ಲ.

ಅರ್ಜಿ

ಈ ಭಾಗ ಒಣ ಅನ್ನಿಸಬಹುದು. ಆದರೆ ಜನ ನನ್ನನ್ನು ಜಾಸ್ತಿ ಕೇಳುವುದು ಇದನ್ನೇ. ಸರ್ಕಲ್ಲಿನ ಹೆಸರು ಎಲ್ಲರದು. ಅದನ್ನು ನಮ್ಮದು ಅಂತ ರಿಜಿಸ್ಟರ್ ಮಾಡಿಸಬಹುದೇ?

1999ರ ಟ್ರೇಡ್ ಮಾರ್ಕ್ಸ್ ಕಾಯ್ದೆಯ 9ನೇ ಕಲಂ ಇದಕ್ಕೆ ಅಡ್ಡ ಬರುತ್ತದೆ. ಸಾಮಾನು ಎಲ್ಲಿಂದ ಬಂತು ಅಂತ ಮಾತ್ರ ಹೇಳುವ ಹೆಸರಿಗೆ ರಿಜಿಸ್ಟ್ರೇಷನ್ ಕೊಡಬಾರದು ಅಂತ ಅದು ಹೇಳುತ್ತದೆ. 'ರಾಯಚೂರು ರೊಟ್ಟಿ' ಅಂತ ಇಟ್ಟರೆ ಸಿಗುವುದು ಕಷ್ಟ. ಸಿಗಲೂಬಾರದು, ರಾಯಚೂರಿನಲ್ಲಿ ರೊಟ್ಟಿ ಬಡಿಯುವವರು ಒಬ್ಬರೇ ಏನು? ಇದಕ್ಕೆ ಹಳೆಯ ಪ್ರಕರಣ ಒಂದಿದೆ. ದೊಡ್ಡ ಸಿಗರೇಟು ಕಂಪನಿಯೊಂದು 'ಸಿಮ್ಲಾ' ಅಂತ ಹೆಸರಿಟ್ಟು, ಹಿಮದ ಬೆಟ್ಟದ ಚಿತ್ರ ಹಾಕಿ ಅರ್ಜಿ ಕೊಟ್ಟಿತ್ತು. 1977ರಲ್ಲಿ ಕಲ್ಕತ್ತಾ ಹೈಕೋರ್ಟು, ಇಷ್ಟು ಹೆಸರಾದ ಊರನ್ನು ಒಬ್ಬರಿಗೆ ಬರೆದುಕೊಡಲು ಆಗದು ಅಂತ ತಳ್ಳಿಹಾಕಿತು. ಅದೇ ನೋಡಿ, ನಮ್ಮ ಹಳೇ ಹೈದರಾಬಾದ್ ಸೀಮೆಯಲ್ಲಿ ಎಲ್ಲರ ಜೇಬಿನಲ್ಲಿ ಇದ್ದ ಸಿಗರೇಟು ಚಾರ್ಮಿನಾರ್. 1591ರ ಕಟ್ಟಡದ ಹೆಸರು, ಕಟ್ಟಡದ್ದೇ ಚಿತ್ರ. ತಂಬಾಕು ಬೆಳೆಯುವ ಜಾಗದ ಹೆಸರಲ್ಲ ಅದು. ಕಣ್ಣಿಗೆ ಕಟ್ಟುವ ಗುರುತಿನ ಹೆಸರು. ಊರಿನ ಹೆಸರು ಬೇರೆ, ಊರಿನೊಳಗಿನ ಗುರುತಿನ ಹೆಸರು ಬೇರೆ ಅಂತ ನನಗೆ ತಿಳಿದದ್ದು ಈ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದಾಗ.

ಅರ್ಜಿ ಹಾಕಿಕೊಟ್ಟ ವಕೀಲರು ಹೇಳಿದ್ದೂ ಅದೇ. ಬರಿಯ ಅಕ್ಷರಕ್ಕೆ ಕೇಳಬೇಡಿ, ಮೂರು ಕಂದೀಲಿನ ಚಿತ್ರ ಸಮೇತ ಕೇಳಿ ಅಂದರು. ತೀನ್ ಕಂದೀಲ್ ಅಂದರೆ ರೊಟ್ಟಿಗೆ ಹೆಸರಾದ ಜಾಗ ಅಲ್ಲವಲ್ಲ. ಬಳೆ ಅಂಗಡಿಗೆ ಈ ಹೆಸರು ಕೇಳಿದ್ದರೆ ವಾದ ಕಷ್ಟ ಆಗುತ್ತಿತ್ತಂತೆ. ಮೊದಲು ಟ್ರೇಡ್ ಮಾರ್ಕ್ ಕಚೇರಿಯ ಜಾಲತಾಣದಲ್ಲಿ ಹುಡುಕಿದೆವು. ಪುಕ್ಕಟೆ ಹುಡುಕಬಹುದು. ಉಚ್ಚಾರ ಹತ್ತಿರ ಇರುವ ಹೆಸರುಗಳನ್ನೂ ನೋಡಬೇಕು. ಸಾಮಾನುಗಳನ್ನು ಅವರು ವರ್ಗ ಮಾಡಿ ಇಟ್ಟಿರುತ್ತಾರೆ, ರೊಟ್ಟಿ, ಹಿಟ್ಟು, ಮಸಾಲೆ ಬರುವುದು 30ನೇ ವರ್ಗದಲ್ಲಿ. ಒಂದು ವರ್ಗಕ್ಕೆ ಆನ್‌ಲೈನಿನಲ್ಲಿ ಸಣ್ಣ ಉದ್ಯಮದವರಿಗೆ 4,500 ರೂಪಾಯಿ, ಉಳಿದವರಿಗೆ 9,000. ನಮ್ಮ ರಾಜ್ಯದ ಅರ್ಜಿ ಚೆನ್ನೈ ಕಚೇರಿಗೆ ಸೇರುತ್ತದೆ. ಅವರು ಆಕ್ಷೇಪ ಎತ್ತಿದರೆ 30 ದಿನದಲ್ಲಿ ಉತ್ತರ ಕೊಡಬೇಕು. ಒಪ್ಪಿದರೆ ಆ ಕಚೇರಿಯದೇ ಜರ್ನಲ್ಲಿನಲ್ಲಿ ಪ್ರಕಟ ಮಾಡುತ್ತಾರೆ. ಆಗ 4 ತಿಂಗಳು ಯಾರು ಬೇಕಾದರೂ ವಿರೋಧಿಸಬಹುದು. ರಿಜಿಸ್ಟರ್ ಆದರೆ 10 ವರ್ಷ, ಆಮೇಲೆ ನವೀಕರಣ.

ಪ್ರಿಂಟಿಂಗಿನವನಾಗಿ ಒಂದು ಮಾತು. ಅರ್ಜಿ ಹಾಕಿದ ದಿನವೇ ವೃತ್ತದೊಳಗೆ ಆರ್ ಇರುವ ಗುರುತು ಹಾಕಿಕೊಡಿ ಅಂತ ಬರುವವರು ಬಹಳ. ಅದು ರಿಜಿಸ್ಟರ್ ಆದ ಮೇಲೆ ಮಾತ್ರ. ಮುಂಚೆ ಹಾಕುವುದು ಕಾನೂನಿಗೆ ವಿರುದ್ಧ. ಅಲ್ಲಿಯವರೆಗೆ ಟಿಎಂ ಅಂತ ಹಾಕಬಹುದು. ಮನೆಯವರಿಗೂ ಅಷ್ಟೇ ಹಾಕಿಕೊಟ್ಟೆ.

ಫಾರಂ ತುಂಬುವಾಗ ಒಂದು ತಮಾಷೆ ಆಯಿತು. ಹೆಸರು ಇಂಗ್ಲಿಷ್, ಹಿಂದಿ ಬಿಟ್ಟು ಬೇರೆ ಲಿಪಿಯಲ್ಲಿ ಇದ್ದರೆ ಅದರ ಅರ್ಥವನ್ನೂ ಬರೆಯಬೇಕು. ವಕೀಲರು "ಮೂರು ದೀಪ" ಅಂತ ಅನುವಾದ ಬರೆದರು. ಕಾಕಾನಿಗೆ ಫೋನ್ ಮಾಡಿ ಹೇಳಿದೆ. ನಿಮ್ಮ ಮೂರು ಕಂದೀಲು ಕೊನೆಗೂ ಸರ್ಕಾರದ ದಾಖಲೆಗೆ ಹೋಯಿತು ಅಂತ. ಅವರಿಗೆ ಖುಷಿಯಾಯಿತೋ ಸಿಟ್ಟು ಬಂತೋ ತಿಳಿಯಲಿಲ್ಲ.

ಫೋನು

ಪಾಕೀಟುಗಳು ಹೊರಬಿದ್ದವು. ಹದಿನೈದು ದಿನಕ್ಕೆ ಫೋನು ಶುರುವಾಯಿತು.

"ಅಕ್ಕಾರ, ತೀನ್ ಕಂದೀಲಿನಾಗೇ ನಿಂತೀನ್ರಿ. ನಿಮ್ಮ ಅಂಗಡಿ ಎಲ್ಲದ?"

ಮೊದಲ ಫೋನಿಗೆ ನಕ್ಕರು. ಹತ್ತನೆಯದಕ್ಕೆ ಸುಸ್ತಾದರು. ಪಾಕೀಟಿನ ಹಿಂದೆ ಸಣ್ಣ ಅಕ್ಷರದಲ್ಲಿ ಪೂರ್ತಿ ವಿಳಾಸ ಇದೆ, ಸ್ಟೇಷನ್ ರಸ್ತೆ ಅಂತಲೇ ಇದೆ. ಯಾರು ನೋಡುತ್ತಾರೆ? ಮುಂದೆ ತೀನ್ ಕಂದೀಲ್ ಅಂತ ದಪ್ಪಗೆ ಬರೆದ ಮೇಲೆ ರಾಯಚೂರಿನವರು ತೀನ್ ಕಂದೀಲಿಗೇ ಹೋಗುತ್ತಾರೆ. ಹಿಟ್ಟಿನ ಗಿರಣಿಯವರು ಒಮ್ಮೆ ಜೋಳದ ಚೀಲ ಅಲ್ಲಿಗೇ ಕಳಿಸಿದರು. ಡೆಲಿವರಿ ಹುಡುಗರು ಅಲ್ಲಿ ನಿಂತು ಮ್ಯಾಪು ತೆರೆದು ಕೂಗಾಡುತ್ತಿದ್ದರು. ಇನ್ನೂ ಕಷ್ಟ ಅಂದರೆ, ಅಲ್ಲಿನ ಒಬ್ಬ ಅಂಗಡಿಯವರು ಬಂದವರಿಗೆಲ್ಲ ದಾರಿ ಹೇಳಿ ಹೇಳಿ ಬೇಸತ್ತು, ಒಂದು ದಿನ ಪರಿಚಯದವರ ಮೂಲಕ ಹೇಳಿ ಕಳಿಸಿದರು: ರೊಟ್ಟಿ ಎಲ್ಲಿ ಅಂತ ಕೇಳಿದವರಿಗೆ ಹೇಳೋ ಕೆಲಸಕ್ಕೆ ನನಗೆ ಪಗಾರ ಎಷ್ಟು ಅಂತ. ಅತ್ತಿಗೆ ಮರುದಿನವೇ ಎರಡು ಡಜನ್ ರೊಟ್ಟಿ ಮತ್ತು ಶೇಂಗಾ ಚಟ್ನಿ ಕಳಿಸಿಕೊಟ್ಟರು.

ಅಂದರೆ ನನ್ನ ನಗು ಈ ಅರ್ಧದಲ್ಲಿ ಸರಿಯಾಗಿತ್ತು. ಊರೊಳಗೆ ಆ ಎರಡು ಮಾತು ಹೆಸರಲ್ಲ, ವಿಳಾಸ. ವಿಳಾಸವನ್ನು ಹೆಸರಾಗಿ ಇಟ್ಟುಕೊಂಡು ಬೇರೆ ಕಡೆ ಕೂತರೆ ಜನ ದಾರಿ ತಪ್ಪದೆ ಇನ್ನೇನು?

ಇನ್ನರ್ಧದಲ್ಲಿ ನಾನು ಪೂರ್ತಿ ತಪ್ಪಿದ್ದೆ. ಬೆಂಗಳೂರಿನಲ್ಲಿ ಆ ಹೆಸರು ಬೇರೆಯದೇ ಕೆಲಸ ಮಾಡಿತು. ಅಂಗಡಿಯವರು ಹೇಳುತ್ತಿದ್ದರು: ಒಂದಿಷ್ಟು ಜನ ಪಾಕೀಟು ನೋಡಿದ ಕೂಡಲೇ ನಿಂತುಬಿಡುತ್ತಾರಂತೆ. ಕೈಗೆತ್ತಿಕೊಂಡು, "ರಾಯಚೂರಿಂದ ಬಂದದ್ದೇನ್ರಿ?" ಅಂತ ಕೇಳುತ್ತಾರಂತೆ. ಪಾಕೀಟಿನ ಮುಂಭಾಗದಲ್ಲಿ ರಾಯಚೂರು ಅಂತ ಎಲ್ಲೂ ಬರೆದಿಲ್ಲ. ಕೆಲಸಕ್ಕೆ ಹೋದವರು, ಓದಲು ಹೋದವರು, ಮದುವೆಯಾಗಿ ಹೋದವರು. ಉಳಿದವರಿಗೆ ಅದು ಯಾವುದೋ ಹಿಂದಿ ಹೆಸರು. ಇವರಿಗೆ ಹಬ್ಬದ ಮುಂಚಿನ ದಿನದ ಗದ್ದಲ. ಒಬ್ಬ ಹೆಣ್ಣುಮಗಳು ಪಾಕೀಟಿನ ಮೇಲಿನ ನಂಬರಿಗೆ ಫೋನ್ ಮಾಡಿದ್ದರು. ದೂರು ಇರಬೇಕು ಅಂತ ಅತ್ತಿಗೆ ಹೆದರಿಕೊಂಡೇ ಎತ್ತಿದರು. ದೂರಲ್ಲ. ತಾನು ಬೇರೂನ್ ಖಿಲ್ಲಾದಲ್ಲಿ ಹುಟ್ಟಿ ಬೆಳೆದವಳು, ಸುಮ್ನೆ ಮಾತಾಡಬೇಕು ಅನ್ನಿಸಿತು ಅಂದರಂತೆ. ಇಪ್ಪತ್ತು ನಿಮಿಷ ಮಾತಾಡಿದರು. ರೊಟ್ಟಿಯ ಮಾತು ಅದರಲ್ಲಿ ಎರಡು ನಿಮಿಷವೂ ಇರಲಿಲ್ಲ.

ರಾಯಚೂರು ಅಂತ ದೊಡ್ಡದಾಗಿ ಬರೆದಿದ್ದರೆ ಹೀಗಾಗುತ್ತಿರಲಿಲ್ಲ ಅಂತ ನನ್ನ ಅನಿಸಿಕೆ. ಜಿಲ್ಲೆಯ ಹೆಸರು ಎಲ್ಲರಿಗೂ ಗೊತ್ತು, ಅಕ್ಕಿ ಚೀಲದ ಮೇಲೂ ಇರುತ್ತದೆ. ಸರ್ಕಲ್ಲಿನ ಹೆಸರು ಅಲ್ಲಿ ನಡೆದಾಡಿದವರಿಗೆ ಮಾತ್ರ ಗೊತ್ತು. ನನ್ನನ್ನು ಯಾರೋ ಗುರುತು ಹಿಡಿದು ಕರೆದರು ಅನ್ನಿಸುವುದು ಅದರಿಂದ.

ಈಗ ಏನು ಮಾಡಿದ್ದೇವೆ

ಹೆಸರು ಬದಲಿಸುವ ಮಾತು ಒಮ್ಮೆ ಬಂತು. ಅಣ್ಣ ಮತ್ತೆ ಎಡೆದೊರೆಯನ್ನು ಮೆಲ್ಲಗೆ ಮುಂದಿಟ್ಟರು. ಯಾರೂ ಕೇಳಿಸಿಕೊಳ್ಳಲಿಲ್ಲ. ಮಗ ಇನ್ನೊಂದು ದಾರಿ ಹೇಳಿದ. ನ್ಯೂಯಾರ್ಕಿನಲ್ಲಿ ಲಾಂಗೇಕರ್ ಸ್ಕ್ವೇರ್ ಅಂತ ಇದ್ದ ಚೌಕಕ್ಕೆ, ಪತ್ರಿಕೆಯ ಕಚೇರಿ ಬಂದ ಮೇಲೆ, 1904ರಲ್ಲಿ ಟೈಮ್ಸ್ ಸ್ಕ್ವೇರ್ ಅಂತ ಹೆಸರು ಬಂತಂತೆ. ಹಾಗೆ ಸ್ಟೇಷನ್ ರಸ್ತೆಯ ನಮ್ಮ ಮೂಲೆಗೇ ತೀನ್ ಕಂದೀಲ್ ಅಂತ ಹೆಸರು ಬರಿಸೋಣ ಅಂದ! ಅವ್ವ ಅವನ ತಲೆಗೆ ಮೊಟಕಿದರು.

ಕೊನೆಗೆ ಮಾಡಿದ್ದು ಸಣ್ಣ ಬದಲಾವಣೆ. ಬೆಂಗಳೂರು, ಹುಬ್ಬಳ್ಳಿಗೆ ಹೋಗುವ ಪಾಕೀಟಿನ ಮೇಲೆ ತೀನ್ ಕಂದೀಲ್ ಹಾಗೆಯೇ ಇದೆ, ಮೂರು ದೀಪ ಸಮೇತ. ರಾಯಚೂರಿನೊಳಗೆ ಪಾಕೀಟಿಲ್ಲ. ಮನೆಗೆ ಬಂದವರಿಗೆ ಮೊದಲಿನ ಹಾಗೆ ಎಣಿಸಿ ಕೊಡುತ್ತಾರೆ. ಬಾಗಿಲಿಗೆ ನಾನೇ ಒಂದು ಬೋರ್ಡು ಮಾಡಿ ಹಾಕಿದೆ: "ಖಡಕ್ ರೊಟ್ಟಿ, ಚಟ್ನಿ ಪುಡಿ ಸಿಗುತ್ತದೆ". ಹೆಸರಿಲ್ಲ. ಆಟೋದವರು ಈಗಲೂ ರೊಟ್ಟಿ ಅಕ್ಕನ ಮನೆ ಅಂತಲೇ ಕರೆತರುತ್ತಾರೆ.

ಅರ್ಜಿ ಜರ್ನಲ್ಲಿನಲ್ಲಿ ಬಂದಿದೆ. ನಾಲ್ಕು ತಿಂಗಳು ಎಣಿಸುತ್ತಿದ್ದೇವೆ.

ಹೋದ ವಾರ ನಾನು ಅಲ್ಲಿ ಕೂತಿದ್ದಾಗಲೇ ಮತ್ತೊಂದು ಫೋನು ಬಂತು. ಬೆಂಗಳೂರಿನಿಂದ ಊರು ನೋಡಲು ಬಂದವರು. ಪಾಕೀಟು ನೋಡಿ ಬಂದೆವು, ತೀನ್ ಕಂದೀಲಿನಲ್ಲಿ ನಿಂತಿದ್ದೇವೆ, ಗದ್ದಲ ಬಹಳ, ಎಲ್ಲಿ ಹೋಗಬೇಕು ತಿಳಿಯುತ್ತಿಲ್ಲ ಅಂದರು. ದಾರಿ ಹೇಳು ಅಂತ ಅತ್ತಿಗೆ ಫೋನನ್ನು ನನ್ನ ಕೈಗೆ ಕೊಡುವವರಿದ್ದರು. ಅಷ್ಟರಲ್ಲಿ ಮನಸ್ಸು ಬದಲಿಸಿ ತಾವೇ ಮಾತಾಡಿದರು.

"ಎಲ್ಲೂ ಹೋಗಬ್ಯಾಡ್ರಿ. ಅಲ್ಲೇ ನಿಂತಿರ್ರಿ. ಹುಡುಗನ್ನ ಕಳಸ್ತೀನಿ."